ಬೋರ್ಡುಗಳಿಗೆ ಬಣ್ಣ ಹೊಡೆಯದ ವರ್ಷ

ಜನವರಿ 12, ಭಾನುವಾರ

ಬೆಳಿಗ್ಗೆ ಅಜ್ಜಂಪುರದ ತೀರ್ಥಪ್ಪನವರು ಮನೆಗೆ ಬಂದಿದ್ದರು. ಗೊಬ್ಬರದ ಅಂಗಡಿ ಬಿಟ್ಟು ತರೀಕೆರೆಯವರೆಗೆ ಬರುವ ಆಸಾಮಿಯಲ್ಲ. ಫೆಬ್ರವರಿ ಮೂರರಿಂದ ಏಳು ದಿನ ಅವರೂರಿನಲ್ಲಿ ಮಠದ ಸಮಾವೇಶ. ಪ್ರವಚನ, ಭಾಷಣ ಎಲ್ಲ ಸಂಜೆಗೆ. ಹಗಲು ಪರವೂರಿನ ಭಕ್ತರು ಉಂಡು ಪೆಂಡಾಲಿನಲ್ಲೇ ಉರುಳಿಕೊಂಡು ಗೊರಕೆ ಹೊಡೆಯುತ್ತಾರಂತೆ. ಸ್ವಾಮಿಗಳಿಗೆ ಅದು ಸರಿ ಕಾಣಲಿಲ್ಲವಂತೆ. ಹಾಗಾಗಿ ಈ ಸಲ ಪ್ರವಾಸ ಸಮಿತಿ ಅಂತ ಹೊಸದಾಗಿ ಒಂದು ಮಾಡಿದ್ದಾರೆ. ಸಮಿತಿ ಎಂದರೆ ತೀರ್ಥಪ್ಪನವರೊಬ್ಬರೇ.

"ಸಾಬ್ರೇ, ಈ ಮೂರು ತಾಲ್ಲೂಕಿನ ರಸ್ತೆ ನಿಮ್ಮಷ್ಟು ಗೊತ್ತಿರೋರು ಯಾರಿದಾರೆ ಹೇಳಿ. ಎಲ್ಲೆಲ್ಲಿ ಹೋಗ್ಬೇಕು, ಎಷ್ಟೊತ್ತಿಗೆ ಹೊರಡ್ಬೇಕು, ನೀವೇ ಬರ್ಕೊಡಿ. ಗಾಡಿನೂ ನಿಮ್ದೇ" ಅಂದರು.

ಯಾರೂ ಇಲ್ಲ ಅಂದೆ. ಬಡಾಯಿಯಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಪ್ರವಾಸದ ಗಾಡಿ ಓಡಿಸಿದ್ದೇನೆ, ಒಂದು ಕೋಳಿಯ ಪುಕ್ಕವೂ ಉದುರಿಲ್ಲ. ನಮ್ಮೂರಿನಲ್ಲಿ ಅಜ್ಮತ್ ಎಂಬ ಇನ್ನೊಬ್ಬ ಡ್ರೈವರ್ ಇದ್ದಾನೆ. ಅವನು ಫೋನಿನ ಮ್ಯಾಪ್ ಹಾಕಿಕೊಂಡು ಓಡಿಸುತ್ತಾನೆ. ದಾರಿಯನ್ನು ಫೋನಿಗೆ ಕೇಳುವವನು ಡ್ರೈವರ್ ಹೇಗಾಗುತ್ತಾನೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಕೂತು ಪ್ಲಾನ್ ಬರೆದೆ. ಮಂಗಳವಾರ ಲಕ್ಕವಳ್ಳಿ ಡ್ಯಾಮು. ಗುರುವಾರ ಅಮೃತಾಪುರದ ದೇವಸ್ಥಾನ. ಶನಿವಾರ ಕಲ್ಲತ್ತಿಗಿರಿ, ಅಲ್ಲಿಂದ ಕೆಮ್ಮಣ್ಣುಗುಂಡಿ, ಸೂರ್ಯ ಮುಳುಗುವುದನ್ನು ನೋಡಿಕೊಂಡು ವಾಪಸ್. ಮಗಳು ಅಲ್ಫಿಯಾ ನೋಡಿ, "ಅಬ್ಬಾ, ಮೂರು ಪ್ರವಾಸಕ್ಕೆ ನಾಲ್ಕು ಹಾಳೆ ಯಾಕೆ? ಅಕ್ಷರ ಎಷ್ಟು ದಪ್ಪ!" ಅಂದಳು. ಸಮಿತಿಗೆ ಕೊಡುವ ಕಾಗದ, ಗೌರವವಾಗಿರಲಿ ಅಂತ ದಪ್ಪ ಬರೆದಿದ್ದೇನೆ.

ಜನವರಿ 15, ಬುಧವಾರ

ಪತ್ರಿಕೆಯವರು ಇಂಕು ಉಳಿಸುತ್ತಿದ್ದಾರೆ. ಇವತ್ತಿನ ಪುಟಗಳು ತೊಳೆದು ಒಣಹಾಕಿದಂತೆ ಇದ್ದವು. ಹಾಗೆಂದರೆ ಅಲ್ಫಿಯಾ, "ಅಬ್ಬಾ, ಕಣ್ಣು ತೋರಿಸ್ಕೊಳ್ಳಿ. ಪೊರೆ ಬಂದಿರ್ಬೇಕು" ಅಂದಳು. ಬಿ.ಎಡ್. ಓದುತ್ತಿದ್ದಾಳೆ, ಡಾಕ್ಟರಿಕೆ ಅಲ್ಲ. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದು, ನಾನು ಬರೆಯುವ ಈ ಡೈರಿ ಮಾತ್ರ ಕನ್ನಡ. ಅವಳಿಗೆ ಎರಡರಲ್ಲೂ ಬೈದೆ. ನನ್ನ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ.

ಹೆಂಡತಿ ಜಾಹೇದಾ ಏನೂ ಹೇಳಲಿಲ್ಲ. ಈಕೆ ಸುಮ್ಮನಿರುವುದು ಮದುವೆಯಾದ ಮೇಲೆ ಇದೇ ಮೊದಲು.

ಜನವರಿ 19, ಭಾನುವಾರ

ರಸ್ತೆ ಹೇಗಿದೆ ನೋಡಿಬರಲು ಖಾಲಿ ಗಾಡಿಯಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿದ್ದೆ. ಈ ವರ್ಷ ರಸ್ತೆಯವರು ಒಂದು ಬೋರ್ಡಿಗೂ ಬಣ್ಣ ಹೊಡೆದಿಲ್ಲ. ಊರಿನ ಹೆಸರು, ತಿರುವಿನ ಗುರುತು, ಕಿಲೋಮೀಟರಿನ ಅಂಕಿ, ಯಾವುದೂ ಓದುವ ಹಾಗಿಲ್ಲ. ನನಗೆ ಓದಬೇಕಾಗಿಲ್ಲ, ಆದರೆ ಹೊಸಬರ ಗತಿಯೇನು? ಸರ್ಕಾರಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ.

ಘಾಟಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೂ ಮಂಜು ಬಿಟ್ಟಿರಲಿಲ್ಲ. ಗಾಜು ಐದು ಸಲ ಒರೆಸಿದೆ. ಅದೇ ಹೊತ್ತಿಗೆ ಅಜ್ಮತ್ ಅಲ್ಲಿಗೆ ಬಾಡಿಗೆಗೆ ಬಂದಿದ್ದ. "ಎಲ್ಲಿ ಭಾಯ್ ಮಂಜು? ಬಿಸಿಲಿಗೆ ತಲೆ ಸುಡ್ತಿದೆ" ಅಂದ. ಅವನ ಪ್ರಪಂಚವೇ ಬೇರೆ.

ಪ್ಲಾನ್ ತಿದ್ದಿದೆ. ಸೂರ್ಯ ಮುಳುಗುವುದನ್ನು ನೋಡುವುದು ಬೇಡ, ನಾಲ್ಕು ಗಂಟೆಗೆಲ್ಲ ಬೆಟ್ಟ ಇಳಿದುಬಿಡುವುದು. ವಯಸ್ಸಾದ ಭಕ್ತರಿಗೆ ಸಂಜೆಯ ಗಾಳಿ ಆಗುವುದಿಲ್ಲ. ಜೊತೆಗೆ ಈಗಿನ ಗಾಡಿಗಳ ಲೈಟು ಬೇರೆ. ಎದುರಿಗೆ ಬಂದರೆ ಒಂದೊಂದು ಲೈಟಿನ ಸುತ್ತ ಚೆಂಡುಹೂವಿನಷ್ಟು ಪ್ರಭೆ. ಇಂಥ ಲೈಟು ಮಾಡುವವರನ್ನು ಜೈಲಿಗೆ ಹಾಕಬೇಕು.

ಜನವರಿ 24, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಮನೆಗೆ ಬಂದ ಮೇಲೆ ನೋಡಿದರೆ ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಯಾರದೋ. ವಾಪಸ್ ಹೋದೆ. ಮಸೀದಿಯ ಬಾಗಿಲಲ್ಲಿ ಒಬ್ಬರು ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಸಲಾಂ ಹೇಳಿದರು, ಹೆಸರು ಹೇಳಲಿಲ್ಲ. ಈಚೆಗೆ ಜನ ಹೆಸರು ಹೇಳದೆ ಮಾತಾಡುವುದು ಜಾಸ್ತಿಯಾಗಿದೆ.

ಜನವರಿ 29, ಬುಧವಾರ

ಕೆಮ್ಮಣ್ಣುಗುಂಡಿ ತೆಗೆದುಹಾಕಿದೆ. ಕಲ್ಲತ್ತಿಗಿರಿಯ ನೀರು ನೋಡಿ, ವೀರಭದ್ರನಿಗೆ ಕೈಮುಗಿದು ಬಂದರೆ ಸಾಕಪ್ಪ. ತೀರ್ಥಪ್ಪನವರಿಗೆ ಫೋನ್ ಮಾಡಿ ಹೇಳಿದರೆ ಹೌಹಾರಿಬಿಟ್ಟರು.

"ಅಯ್ಯೋ ಸಾಬ್ರೇ, ಕರಪತ್ರ ಪ್ರಿಂಟಾಗಿ ಹಂಚಿಯೂ ಆಯ್ತು ಕಣ್ರೀ! ಎಲ್ರೂ ಹೆಸರು ಕೊಟ್ಟಿರೋದೇ ಕೆಮ್ಮಣ್ಣುಗುಂಡಿಗೆ."

"ಅಲ್ಲೇನಿದೆ ಯಜಮಾನ್ರೇ, ಬರೀ ಹೂವಿನ ಗಿಡ."

"ಇಪ್ಪತ್ತೊಂಬತ್ತು ವರ್ಷ ನೀವೇ ಅಲ್ವಾ ಅದನ್ನ ಸ್ವರ್ಗ ಅಂದಿದ್ದು?"

ಆಗ ಹೂವು ಜಾಸ್ತಿ ಇತ್ತು. ಈಗ ಬಣ್ಣವೇ ಇಲ್ಲ. ಇರಲಿ, ಆ ದಿನ ನೋಡೋಣ ಅಂದೆ.

ಫೆಬ್ರವರಿ 4, ಮಂಗಳವಾರ

ಮೊದಲ ಪ್ರವಾಸ. ಲಕ್ಕವಳ್ಳಿ. ಹದಿಮೂರು ಜನ ಭಕ್ತರು. ಹೊರಡುವ ಮೊದಲೇ ಹಿಂದಿನ ಸೀಟಿನಲ್ಲಿ ವಾಂತಿ ಬರುತ್ತದೆ ಎಂದು ಒಬ್ಬ ಅಜ್ಜಿ ಮುಂದೆ ನನ್ನ ಪಕ್ಕಕ್ಕೆ ಬಂದು ಕೂತರು. ಹಿರೇನಲ್ಲೂರಿನ ಸಾವಿತ್ರಮ್ಮ. ಎಪ್ಪತ್ತೆರಡು ವಯಸ್ಸಂತೆ. ಬಾಯಿಗೆ ಬೀಗವಿಲ್ಲ.

"ಎಮ್ಮೆ ಬತ್ತೈತೆ ನೋಡಪ್ಪಾ. ಲಾರಿ ಬತ್ತೈತೆ. ಅಗೋ, ಇಬ್ರು ಹುಡ್ಗೀರು ಸೈಕಲ್‌ನಾಗೆ. ಹಂಪ್ ಐತೆ ಮುಂದೆ."

ಊರೂರಿಗೂ ಹೀಗೆಯೇ. ತಾಳಲಾರದೆ, "ಅಮ್ಮಾ, ನಾನೂ ನೋಡ್ತಿದೀನಿ" ಅಂದೆ.

"ನೋಡಪ್ಪಾ, ನೋಡು. ನಂಗೆ ದೀಪಾವಳಿ ಮುಗಿದ್ಮೇಲೆ ಎರಡೂ ಕಣ್ಣು ಆಪರೇಷನ್ ಆಯ್ತು. ಕಂಡಿದ್ದೆಲ್ಲಾ ಹೊಸ್ದಾಗಿ ಕಾಣ್ತೈತೆ. ಹೇಳ್ದೆ ಇರಕ್ಕಾಗಲ್ಲ" ಅಂದರು.

ಡ್ಯಾಮಿನ ಮೇಲೆ ನಿಂತು ಇಷ್ಟೊಂದು ನೀರು ಒಂದೇ ಕಡೆ ಇಟ್ಟುಕೊಂಡು ನಮ್ಮೂರಿಗೆ ಯಾಕೆ ಬಿಡಲ್ಲ ಎಂದು ಅಲ್ಲಿನ ವಾಚ್‌ಮನ್‌ನನ್ನು ಅರ್ಧ ಗಂಟೆ ಕಾಡಿದರು. ಅವನು ಸಾಕಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಐದಕ್ಕೆ ಐದು ನಿಮಿಷವಿರುವಾಗ ಅಜ್ಜಂಪುರ ಮುಟ್ಟಿದೆವು. ಪ್ಲಾನಿನಲ್ಲಿ ಐದು ಅಂತ ಬರೆದಿತ್ತು.

ಫೆಬ್ರವರಿ 5, ಬುಧವಾರ

ಗಾಡಿಗೆ ಹೊಸ ವೈಪರ್ ಹಾಕಿಸಿದೆ. ಏನೂ ಪ್ರಯೋಜನವಿಲ್ಲ. ಗಾಜಿನದೇ ದೋಷ.

ಫೆಬ್ರವರಿ 6, ಗುರುವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು, ಏಕೆಂದರೆ ಬೇರೆಯವರು ಬೇರೆ ಥರ ಹೇಳುತ್ತಾರೆ.

ಸಾವಿತ್ರಮ್ಮ ಬರಲಿಲ್ಲ, ಮೈ ಬೆಚ್ಚಗಿದೆ ಎಂದು ಪೆಂಡಾಲಿನಲ್ಲೇ ಉಳಿದರು. ಪೀಡೆ ಹೋಯಿತು ಎಂದುಕೊಂಡು ಹೊರಟರೆ ಯಾಕೋ ಸ್ಟೇರಿಂಗ್ ಮೇಲೆ ಕೈ ಹಗುರಾಗಲಿಲ್ಲ. ಮುಂದಿನ ಸೀಟಿನಲ್ಲಿ ಶಿವನಿಯ ಓಂಕಾರೇಶ್ ಎಂಬ ನಿವೃತ್ತ ಮೇಷ್ಟರು ಕೂತಿದ್ದರು. ಗಾಡಿ ಊರು ದಾಟುವ ಮೊದಲೇ ನಿದ್ದೆ ಹೋದರು. ಅಂಥ ನಿಶ್ಶಬ್ದ ನನಗೆ ಆಗಿಬರುವುದಿಲ್ಲ.

ಅಮೃತಾಪುರಕ್ಕೆ ಹೋಗುವಾಗ ನಾನು ಬೋರ್ಡು ನೋಡುವವನಲ್ಲ, ಮರ ನೋಡುವವನು. ಮೂರನೇ ಹುಣಸೆಮರದ ಹತ್ತಿರ ತಿರುಗಬೇಕು. ರಸ್ತೆ ಅಗಲ ಮಾಡುವವರು ಮೊದಲ ಎರಡು ಮರ ಕಡಿದು ಹಾಕಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ಉಳಿದದ್ದನ್ನು ಒಂದು ಎಂದು ಎಣಿಸಿ ಮುಂದೆ ಹೋದೆ. ಎರಡು, ಮೂರು ಎಂದು ಎಣಿಸಿ ತಿರುಗಿದೆ.

ಹೊಕ್ಕದ್ದು ಯಾವುದೋ ಹಳ್ಳಿ. ಹೆಸರಿನ ಬೋರ್ಡಿತ್ತು, ಬಣ್ಣವಿರಲಿಲ್ಲ. ದೇವಸ್ಥಾನ ಎಲ್ಲಿ ಎಂದು ಕೇಳಲು ಗಾಡಿ ನಿಲ್ಲಿಸಿದ್ದೇ ತಡ, "ಮಠದ ಗಾಡಿ ಬಂತು ಕಣ್ರಲೇ!" ಅಂತ ಒಬ್ಬ ಕೂಗಿದ. ಗಾಡಿಯ ಮುಂದೆ ಸಮಾವೇಶದ ಬಾವುಟ ಕಟ್ಟಿತ್ತಲ್ಲ, ಅದನ್ನು ನೋಡಿ. ಸಮಾವೇಶದ ದಾಸೋಹಕ್ಕೆ ಒಂದೊಂದು ಹಳ್ಳಿಯವರು ಒಂದೊಂದು ದಿನ ರೊಟ್ಟಿ ಬಡಿದು ಕೊಡುವ ಪದ್ಧತಿ. ಇವತ್ತು ಈ ಹಳ್ಳಿಯ ಸರದಿ. ತೆಗೆದುಕೊಂಡು ಹೋಗುವ ಗಾಡಿ ಇನ್ನೂ ಬಂದಿರಲಿಲ್ಲ. ನಾವು ಬಂದೆವು.

ನಾನು ಬಾಯಿ ತೆರೆಯುವಷ್ಟರಲ್ಲಿ ಹದಿಮೂರು ಜನರಿಗೂ ಮಾವಿನಮರದ ಕೆಳಗೆ ಎಲೆ ಹಾಕಿದ್ದರು. ಎಣಗಾಯಿ, ಮೊಸರು, ಹುಚ್ಚೆಳ್ಳಿನ ಚಟ್ನಿಪುಡಿ. ಉಂಡು ಎದ್ದು ನೋಡಿದರೆ ಗಾಡಿಯ ತುಂಬ ರೊಟ್ಟಿಯ ಮೂಟೆಗಳು. ಮೇಷ್ಟರು ನನ್ನ ಪಕ್ಕ ಬಂದು, "ಸಾಬ್ರೇ, ಇದು ಪ್ರೋಗ್ರಾಮಲ್ಲಿ ಇತ್ತಾ?" ಅಂದರು. ಇತ್ತು ಅಂದೆ. ಬೇರೆ ಏನು ಹೇಳಬೇಕಿತ್ತು?

ಹದಿಮೂರು ಭಕ್ತರು ಒಬ್ಬೊಬ್ಬರೂ ತೊಡೆಯ ಮೇಲೆ ಒಂದೊಂದು ಮೂಟೆ ರೊಟ್ಟಿ ಇಟ್ಟುಕೊಂಡು ವಚನ ಹೇಳಿಕೊಳ್ಳುತ್ತ ಅಜ್ಜಂಪುರಕ್ಕೆ ಬಂದರು. ಅಮೃತಾಪುರದ ಕಂಬಗಳನ್ನು ಯಾರೂ ನೋಡಲಿಲ್ಲ, ಯಾರೂ ಕೇಳಲೂ ಇಲ್ಲ. ವೇದಿಕೆಗೆ ಕರೆದು ನನಗೆ ಶಾಲು ಹೊದಿಸಿದರು. ನಿಜವಾದ ರೊಟ್ಟಿ ಗಾಡಿಯವನು ಆ ಹಳ್ಳಿಗೆ ಹೋಗಿ ಬೈಸಿಕೊಂಡು ಬಂದನಂತೆ. ಶನಿವಾರವೂ "ರೊಟ್ಟಿ ಪ್ರವಾಸ" ಇದೆಯಾ ಎಂದು ಕೇಳಿ ಇಪ್ಪತ್ತು ಜನ ಹೆಸರು ಬರೆಸಿದ್ದಾರೆ ಎಂದು ತೀರ್ಥಪ್ಪನವರು ಹೇಳಿದರು.

ಶಾಲು ಯಾವ ಬಣ್ಣದ್ದು ಎಂದು ಜಾಹೇದಾ ಕೇಳಿದಳು. ಬೂದು ಅಂದೆ. ಅವಳು ಅದನ್ನು ಮಡಿಸಿ ಬೀರುವಿನಲ್ಲಿಟ್ಟಳು.

ಫೆಬ್ರವರಿ 7, ಶುಕ್ರವಾರ

ಮನೆಯಲ್ಲಿ ಜಗಳ. ಶಾಲು ಹಸಿರಂತೆ. ಅಲ್ಫಿಯಾ ಅದನ್ನು ಬೀರುವಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, "ನೋಡಿ ಅಬ್ಬಾ, ಈಗ್ಲಾದ್ರೂ ನೋಡಿ" ಎಂದು ಅತ್ತಳು. "ನಾಳೆ ಘಾಟಿಗೆ ಹೋಗ್ಬೇಡಿ. ನಿಮಗೇನಾದ್ರೂ ಆದ್ರೆ ಅಳ್ತೀನಿ. ಆ ಹದಿಮೂರು ಜನಕ್ಕೆ ಏನಾದ್ರೂ ಆದ್ರೆ ಏನ್ಮಾಡ್ಲಿ?" ಅಂದಳು.

ಹಸಿರಿನಲ್ಲೂ ಬೂದು ಹಸಿರು ಅಂತ ಒಂದಿದೆ. ಹೇಳಿದೆ, ಕೇಳಲಿಲ್ಲ. ಊಟ ಮಾಡದೆ ಎದ್ದೆ. ಗಾಡಿಯಲ್ಲಿ ಹೋಗಿ ಕೂತುಕೊಂಡೆ, ಸ್ಟಾರ್ಟ್ ಮಾಡಲಿಲ್ಲ. ನನ್ನನ್ನು ಈ ಸೀಟಿನಿಂದ ಇಳಿಸಿದರೆ ನಾನು ಯಾರು? ಸಂತೆಗೆ ಚೀಲ ಹಿಡಿದು ಹೋಗುವ ಮುದುಕ. ಅಲ್ಫಿಯಾಗೆ ಇದೆಲ್ಲ ಅರ್ಥವಾಗುವ ವಯಸ್ಸಲ್ಲ.

ನಾಳೆ ಕಲ್ಲತ್ತಿಗಿರಿ ಮಾತ್ರ. ಅದಕ್ಕಿಂತ ಒಂದು ಗಜ ಮೇಲೆ ಹೋಗುವುದಿಲ್ಲ.

ಫೆಬ್ರವರಿ 8, ಶನಿವಾರ

ರಾತ್ರಿ ಬಹಳ ಹೊತ್ತಾಗಿದೆ. ಆದರೂ ಬರೆಯುತ್ತೇನೆ.

ಸಾವಿತ್ರಮ್ಮನಿಗೆ ಜ್ವರ ಬಿಟ್ಟಿತ್ತು, ಬಂದು ಮುಂದೆ ಕೂತರು. ನನಗೆ ಖುಷಿಯಾಯಿತು. ಹೆಸರು ಕೊಟ್ಟವರು ಜಾಸ್ತಿಯಾಗಿದ್ದರಿಂದ ಅಜ್ಮತನ ಗಾಡಿಯನ್ನೂ ಹಿಡಿದಿದ್ದರು, ಅವನು ಮುಂದೆ ಹೋಗಿದ್ದ. ಕಲ್ಲತ್ತಿಗಿರಿಯಲ್ಲಿ ಎಲ್ಲರೂ ನೀರಿಗೆ ತಲೆಯೊಡ್ಡಿ ಬಂದ ಮೇಲೆ, ಇಲ್ಲಿಂದ ವಾಪಸ್ ಅಂದೆ. ಗಾಡಿಯಲ್ಲಿ ಗಲಾಟೆ. ಕರಪತ್ರ ತೆಗೆದು ತೋರಿಸಿದರು. ಅದಕ್ಕೆಲ್ಲ ನಾನು ಜಗ್ಗುವವನಲ್ಲ. ಆದರೆ ಸಾವಿತ್ರಮ್ಮ ಮೆಲ್ಲಗೆ ಹೇಳಿದರು.

"ನಮ್ಮೂರ ಹೊಲದಾಗೆ ನಿಂತ್ರೆ ಈ ಬೆಟ್ಟ ಒಂದು ನೀಲಿ ಗೆರೆ ಥರ ಕಾಣೋದು ಕಣಪ್ಪಾ. ಆಮೇಲೆ ಅದೂ ಕಾಣ್ದಂಗಾಯ್ತು. ಈಗ ಕಣ್ಣು ಬಂದೈತೆ. ಹತ್ರದಿಂದ ಒಂದ್ಸಲ ನೋಡಿಬಿಡ್ತೀನಿ."

ಹತ್ತಿಸಿದೆ.

ಮೊದಲ ಎಂಟು ತಿರುವು ಅವರೇ ಹೇಳಿದರು. ಜೀಪು ಬತ್ತೈತೆ, ನಿಧಾನ, ಈಗ ಹೋಗು. ಒಂಬತ್ತನೇ ತಿರುವಿನಲ್ಲಿ ಅವರ ಕಡೆಗೆ ಕಣಿವೆ ತೆರೆದುಕೊಂಡಿತು. ಅವರು ಮಾತು ನಿಲ್ಲಿಸಿ ಕಿಟಕಿಗೆ ಮುಖ ಒತ್ತಿ ನೋಡತೊಡಗಿದರು. ಪ್ರವಾಸಕ್ಕೆ ಬಂದವರು ನೋಡಬೇಕಾದ್ದೇ. ನನ್ನ ಕಡೆ ರಸ್ತೆಯ ಅಂಚಿನಲ್ಲಿ ಸುಣ್ಣ ಬಳಿದ ಒಂದು ಕಲ್ಲು ಕಂಡಿತು. ಅಂಥ ಕಲ್ಲುಗಳು ಆ ರಸ್ತೆಯಲ್ಲಿ ನೂರಾರು. ಕಲ್ಲನ್ನು ಸವರಿಕೊಂಡು ಹೋದರೆ ತಿರುವು ಸಲೀಸು, ಇಪ್ಪತ್ತೊಂಬತ್ತು ವರ್ಷ ಹಾಗೆಯೇ ಹೋಗಿದ್ದೇನೆ. ಹಾಗೆಯೇ ಹೋದೆ.

ಸಾವಿತ್ರಮ್ಮ ಕಿರುಚಿದ್ದಷ್ಟೇ ಗೊತ್ತು. ಬ್ರೇಕು ತುಳಿದೆ. ಹಿಂದಿನವರೆಲ್ಲ ಮುಂದಿನ ಸೀಟಿಗೆ ಬಂದು ಬಡಿದುಕೊಂಡರು.

ಕಲ್ಲು ಎದ್ದು ನಿಂತಿತು.

ತೋಟದ ಕೆಲಸದ ಹೆಂಗಸು. ತಲೆಯ ಮೇಲಿಂದ ಬೆನ್ನಿನವರೆಗೆ ಬಿಳಿ ಗೊಬ್ಬರದ ಚೀಲ ಹಾಕಿಕೊಂಡು, ಸೌದೆಯ ಹೊರೆ ಪಕ್ಕಕ್ಕಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ಬಂಪರಿಗೂ ಅವಳ ಮೊಣಕಾಲಿಗೂ ನಡುವೆ ಒಂದು ಗೇಣು. ಇಳಿದು ಹೋಗಿ ನನ್ನ ಕೈಯಿಂದಲೇ ಅಳೆದು ನೋಡಿದೆ, ಒಂದೇ ಗೇಣು. "ಏನಣ್ಣಾ, ಹಗಲೊತ್ತೇ ನಿದ್ದೇನಾ?" ಅಂದಳು. ಹೊರೆ ಎತ್ತಲು ಕೈ ಕೊಡು ಅಂದಳು. ಎತ್ತಿಕೊಟ್ಟೆ. ಬೈಯಲೂ ಇಲ್ಲ, ಹೋಗಿಬಿಟ್ಟಳು.

ನಾನು ಗಾಡಿಯ ಬಾಗಿಲಲ್ಲಿ ನಿಂತು ಹದಿಮೂರು ಜನರಿಗೂ ಕೇಳುವಂತೆ ಹೇಳಿದೆ. "ನನಗೆ ಕಣ್ಣು ಕಾಣ್ತಾ ಇಲ್ಲ. ಬಹಳ ದಿನ ಆಯ್ತು. ಇನ್ನು ನಾನು ಓಡಿಸಲ್ಲ."

ಸಾವಿತ್ರಮ್ಮ ಅಳುತ್ತಿದ್ದರು. "ನಂಗೆ ಮೊದಲ್ನೇ ದಿನವೇ ಗೊತ್ತಾಯ್ತು ಕಣಪ್ಪಾ. ಹಂಪ್ ಬಂದಾಗ ನೀನು ಬ್ರೇಕಿಗೆ ಕಾಲಿಟ್ಟಿದ್ದು ನಾನು ಹೇಳಿದ್ಮೇಲೇನೇ."

"ಗೊತ್ತಿದ್ದೂ ಯಾಕಮ್ಮಾ ಹತ್ತಿದ್ರಿ?"

"ನಾನ್ ಹೇಳ್ತಾ ಹೋದ್ರೆ ನಡೀತೈತೆ ಅಂದ್ಕೊಂಡೆ. ಬೆಟ್ಟದ ಆಸೆ ಕಣಪ್ಪಾ. ನಿಂದೊಬ್ಬಂದೇ ತಪ್ಪಲ್ಲ, ನಂದೂ ತಪ್ಪು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಜ್ಮತನಿಗೆ ಫೋನ್ ಮಾಡಿದೆ. ಅವನು ತನ್ನ ಜನರನ್ನು ಮೇಲೆ ಇಳಿಸಿ, ಯಾವುದೋ ಜೀಪಿನಲ್ಲಿ ಇಳಿದು ಬಂದ. ಸೀಟು ಮುಂದಕ್ಕೆ ಎಳೆದುಕೊಂಡ, ಕನ್ನಡಿ ಸರಿಮಾಡಿಕೊಂಡ, ಗಾಡಿ ಹತ್ತಿಸಿದ. ನಾನು ಹಿಂದೆ ಮೇಷ್ಟರ ಪಕ್ಕ ಕೂತೆ. ಹೇಳಲೇಬೇಕು, ತಿರುವಿನಲ್ಲಿ ಅವನ ಕೈ ಚೆನ್ನಾಗಿದೆ.

ಮೇಲೆ ಸಾವಿತ್ರಮ್ಮ ನನ್ನ ತೋಳು ಹಿಡಿದು ತುದಿಗೆ ಕರೆದುಕೊಂಡು ಹೋದರು. "ಅಗೋ ಅಲ್ಲಿ ಒಂದು ಕೆರೆ ಹೊಳೀತೈತೆ. ಅದರಾಚೆಗೆ ರೈಲು ಹೋಗ್ತೈತೆ, ದಾರದಂಗೆ. ನಮ್ಮೂರು ಆ ಕಡೆಗಿರ್ಬೇಕು" ಎಂದು ಒಂದೊಂದಾಗಿ ಹೇಳಿದರು. ನಾನು ಬಿಳಿ ಬೆಳಕಿನ ಕಡೆ ಮುಖ ಮಾಡಿ ಹೂಂ, ಹೂಂ ಅಂದೆ. ಇಳಿಯುವಾಗ ಅಜ್ಮತ್ ಎರಡು ಗಾಡಿಯನ್ನೂ ಒಂದಾದ ಮೇಲೊಂದು ಕೆಳಗೆ ತಂದ. ಅಲ್ಲಿಂದ ಮುಂದೆ ನನ್ನ ಗಾಡಿಯನ್ನು ಅವನ ಪರಿಚಯದ ಡ್ರೈವರೊಬ್ಬ ಓಡಿಸಿದ. ಅಜ್ಜಂಪುರ ಮುಟ್ಟಿದಾಗ ಎಂಟು ದಾಟಿತ್ತು, ಪ್ಲಾನು ಎಲ್ಲಾ ಕೆಟ್ಟಿತ್ತು.

ಫೆಬ್ರವರಿ 9, ಭಾನುವಾರ

ಇವತ್ತು ಸಮಾವೇಶ ಮುಗಿಯಿತು. ನಾನು ಹೋಗಲಿಲ್ಲ. ತೀರ್ಥಪ್ಪನವರಿಗೆ ಫೋನಿನಲ್ಲೇ ಎಲ್ಲ ಹೇಳಿ ಕ್ಷಮಿಸಿ ಅಂದೆ. "ಅಲ್ಲ ಸಾಬ್ರೇ, ಕಣ್ಣು ಕಾಣ್ದೇನೇ ಅಷ್ಟು ರೊಟ್ಟಿ ತಂದ್ರಾ?" ಅಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಕೊನೆಗೆ, ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ನಾನೇ ಜೊತೆಗೆ ಬರ್ತೀನಿ, ಬುಧವಾರ ಅಂಗಡಿ ರಜಾ ಅಂದರು.

ಅಲ್ಫಿಯಾಗೆ ಹೇಳಿದೆ. ಬಂದು ತಬ್ಬಿಕೊಂಡಳು. ಅವಳಿಗೆ ಬೈದದ್ದಕ್ಕೆ ಎರಡು ಭಾಷೆಯಲ್ಲೂ ತಪ್ಪಾಯಿತು ಅಂದೆ.

ಜಾಹೇದಾ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಮುಂದೆ ಕೂತು ಮೊದಲಿನಿಂದ ಹೇಳಿದೆ, ಆ ಹೆಂಗಸು, ಆ ಒಂದು ಗೇಣು, ಎಲ್ಲ. ಅವಳು ತಲೆ ಎತ್ತಲಿಲ್ಲ.

"ಬಕ್ರೀದಿನಿಂದ ಗೊತ್ತು" ಅಂದಳು.

"ಎಂಟು ತಿಂಗಳು! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಗಾಡಿ ಬಿಡ್ತಿದ್ರಾ? ಮಾತು ಬಿಡ್ತಿದ್ರಿ." ಆಮೇಲೆ ಹೇಳಿದಳು: "ನೀವು ವಾಪಸ್ ಬಂದಾಗೆಲ್ಲ ನಾನು ಬಾಗಿಲಿಗೆ ಓಡಿ ಬರ್ತಿದ್ನಲ್ಲ. ಮೊದ್ಲು ಬಂಪರ್ ನೋಡ್ತಿದ್ದೆ. ಅಲ್ಲೇನೂ ಇಲ್ಲ ಅಂತ ಗೊತ್ತಾದ್ಮೇಲೆ ನಿಮ್ಮ ಮುಖ ನೋಡ್ತಿದ್ದೆ."

ನಾನು ಅಳುವ ಪೈಕಿಯಲ್ಲ. ಅತ್ತುಬಿಟ್ಟೆ. ಜೇಬಿನಿಂದ ಗಾಡಿಯ ಬೀಗದ ಕೈ ತೆಗೆದು ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮೂಗು ಒರೆಸಿಕೊಂಡು, ಮತ್ತೆ ಅಕ್ಕಿಗೆ ಕೈ ಹಾಕಿದಳು. ನಾನೂ ಮೊರದಲ್ಲಿ ಕೈಯಾಡಿಸಿದೆ.

"ಬಿಡಿ, ನಾನ್ ನೋಡ್ಕೋತೀನಿ. ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ" ಅಂದಳು.

ಊಟದ ಹೊತ್ತಿನವರೆಗೂ ಅಲ್ಲೇ ಕೂತಿದ್ದೆ.